ಇಡ್ಲಿ, ಹೆಬ್ಬೆಟ್ಟು, 75 ದಿನ: ಜಯಲಲಿತಾ ಪ್ರಕರಣದಲ್ಲಿ ಗುಟ್ಟು ಯಾರದಾಗಿತ್ತು?

2017ರ ಸೆಪ್ಟೆಂಬರ್‌ನಲ್ಲಿ ಮದುರೈನ ಒಂದು ಸಭೆಯಲ್ಲಿ ತಮಿಳುನಾಡಿನ ಅರಣ್ಯ ಸಚಿವ ದಿಂಡಿಗಲ್ ಶ್ರೀನಿವಾಸನ್ ಮೈಕ್ ಮುಂದೆ ನಿಂತು ಜನರ ಕ್ಷಮೆ ಕೇಳಿದರು. ಆಸ್ಪತ್ರೆಯಲ್ಲಿ ಅಮ್ಮ, ಅಂದರೆ ಜಯಲಲಿತಾ, ಇಡ್ಲಿ ತಿಂದರು, ಚಟ್ನಿ ತಿಂದರು, ಹೋದವರನ್ನೆಲ್ಲ ಮಾತಾಡಿಸಿದರು ಅಂತ ನಾವು ಹೇಳಿದ್ದು ಸುಳ್ಳು, ನಿಜವಾಗಿ ನಾವು ಯಾರೂ ಅವರನ್ನು ನೋಡಿರಲೇ ಇಲ್ಲ. ಇಷ್ಟು ಅವರ ಮಾತಿನ ಸಾರ.

ರಾಜಕಾರಣಿಗಳ ಆರೋಗ್ಯ ಅವರ ಖಾಸಗಿ ವಿಷಯವೋ ಸಾರ್ವಜನಿಕ ವಿಷಯವೋ ಅನ್ನುವ ಜಗಳ ಬಂದಾಗಲೆಲ್ಲ ನನಗೆ ಈ ಇಡ್ಲಿ ನೆನಪಾಗುತ್ತದೆ. ಯಾಕೆಂದರೆ ಆ ಜಗಳದಲ್ಲಿ ಎರಡೇ ಕಡೆ ಇವೆ ಅಂತ ನಾವು ಅಂದುಕೊಂಡಿರುತ್ತೇವೆ: ಗುಟ್ಟು ಕಾಯುವ ಡಾಕ್ಟರ್ ಒಂದು ಕಡೆ, ಗೊತ್ತಾಗಬೇಕು ಅನ್ನುವ ಜನ ಇನ್ನೊಂದು ಕಡೆ. ಜಯಲಲಿತಾ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬಿಡಿಸಿ ನೋಡಿದರೆ ಮೂರನೆಯವರು ಕಾಣುತ್ತಾರೆ. ಗುಟ್ಟು ಅವರದಲ್ಲ. ಆದರೆ ಅದರ ಬೀಗದ ಕೈ ಮಾತ್ರ ಅವರ ಹತ್ತಿರ.

ಮೊದಲು ನಡೆದದ್ದು ನೋಡೋಣ.

2016ರ ಸೆಪ್ಟೆಂಬರ್ 22ರ ರಾತ್ರಿ ಮುಖ್ಯಮಂತ್ರಿ ಜಯಲಲಿತಾ ಅವರನ್ನು ಪೋಯಸ್ ಗಾರ್ಡನ್ ಮನೆಯಿಂದ ಚೆನ್ನೈನ ಗ್ರೀಮ್ಸ್ ರಸ್ತೆಯ ಅಪೋಲೊ ಆಸ್ಪತ್ರೆಗೆ ತಂದರು. ಹಿಂದಿನ ದಿನವಷ್ಟೇ ಅವರು ಚೆನ್ನೈ ಮೆಟ್ರೊದ ಹೊಸ ಮಾರ್ಗಕ್ಕೆ ವಿಡಿಯೊ ಮೂಲಕ ಚಾಲನೆ ಕೊಟ್ಟಿದ್ದರು. ಮೊದಲ ಬುಲೆಟಿನ್‌ನಲ್ಲಿ ಇದ್ದದ್ದು ಜ್ವರ ಮತ್ತು ನಿರ್ಜಲೀಕರಣ, ಅಂದರೆ ಮೈಯಲ್ಲಿ ನೀರಿನಂಶ ಕಮ್ಮಿಯಾಗಿದೆ ಅಂತ. ಸ್ಥಿತಿ ಸ್ಥಿರವಾಗಿದೆ, ನಿಗಾದಲ್ಲಿದ್ದಾರೆ ಅಂದರು. ಆಮೇಲೆ ಮಾಮೂಲಿ ಊಟ ಮಾಡುತ್ತಿದ್ದಾರೆ ಅಂದರು. ಅವರು ಸತ್ತ ಮೂರು ತಿಂಗಳ ಮೇಲೆ, 2017ರ ಮಾರ್ಚ್‌ನಲ್ಲಿ, ಸರ್ಕಾರ ಆಸ್ಪತ್ರೆಯ ವರದಿಗಳನ್ನು ಬಿಡುಗಡೆ ಮಾಡಿದಾಗ ಗೊತ್ತಾಗಿದ್ದು ಬೇರೆ: ಆ ರಾತ್ರಿ ಆಂಬುಲೆನ್ಸ್ ಹೋದಾಗ ಅವರು ಉಸಿರಾಡಲು ಒದ್ದಾಡುತ್ತಿದ್ದರು, ಮಂಪರಿನಲ್ಲಿದ್ದರು, ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿತ್ತು.

ಬೆಂಗಳೂರಿನಲ್ಲಿ ಕೂತ ನಮಗೆ ಆ ತಿಂಗಳು ಚೆನ್ನಾಗಿ ನೆನಪಿದೆ, ಅಲ್ವಾ. ಸೆಪ್ಟೆಂಬರ್ 12ರಂದು ಕಾವೇರಿ ಗಲಾಟೆಯಲ್ಲಿ ಬಸ್ಸುಗಳು ಸುಟ್ಟವು, ಊರಿಗೆ ನಿಷೇಧಾಜ್ಞೆ ಬಿತ್ತು. ನೀರು ಬಿಡಿ ಅಂತ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಆದೇಶ. ಅದರ ನಡುವೆ ಸೆಪ್ಟೆಂಬರ್ 27ಕ್ಕೆ ತಮಿಳುನಾಡು ಸರ್ಕಾರದಿಂದ ಒಂದು ಹೇಳಿಕೆ ಬಂತು: ಮುಖ್ಯಮಂತ್ರಿಗಳು ಆಸ್ಪತ್ರೆಯಲ್ಲೇ ಅಧಿಕಾರಿಗಳ ಜೊತೆ ಕಾವೇರಿ ಸಭೆ ನಡೆಸಿದರು, ದೆಹಲಿ ಸಭೆಯಲ್ಲಿ ಓದಬೇಕಾದ ಭಾಷಣವನ್ನು ಹೇಳಿ ಬರೆಸಿದರು. ಎರಡು ದಿನದ ಮೇಲೆ ಕೇಂದ್ರ ಸಚಿವೆ ಉಮಾ ಭಾರತಿ ಕರೆದ ಸಭೆಯಲ್ಲಿ ನಮ್ಮ ಕಡೆ ಸಿದ್ದರಾಮಯ್ಯ ತಾವೇ ಕೂತಿದ್ದರು, ಅವರ ಕಡೆ ಆ ಭಾಷಣವನ್ನು ಓದಿದರು. ಸಭೆ ನಡೆದೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆ ದಿನಗಳಲ್ಲಿ ಅವರು ಮಾತಾಡುತ್ತಿದ್ದರು ಅನ್ನುವುದಕ್ಕೆ ಆಮೇಲೆ ಸಾಕ್ಷಿ ಸಿಕ್ಕಿದೆ. ನಾನು ಕೇಳುವುದು ಇಷ್ಟೇ: ಮಂಡ್ಯದ ಗದ್ದೆಗೂ ತಂಜಾವೂರಿನ ಗದ್ದೆಗೂ ನೀರಿನ ಲೆಕ್ಕ ಹಾಕುವ ಮೇಜಿನ ಆ ಬದಿಯಲ್ಲಿ ಇರುವ ತೀರ್ಮಾನ ಯಾರದು ಅಂತ ಆ ರಾಜ್ಯದ ಮತದಾರರಿಗಾದರೂ ಗೊತ್ತಾಗಬೇಕಿತ್ತಲ್ಲ. (ಮೇಲುಕೋಟೆಯಲ್ಲಿ ಹುಟ್ಟಿದವರು ಅವರು. ಆ ಜಗಳದ ಎರಡೂ ದಡಕ್ಕೆ ಸೇರಿದವರು ಅಂತ ನಮ್ಮ ಕಡೆಯ ಹಿರಿಯರು ಆಗಾಗ ಹೇಳುವುದುಂಟು.)

ಅಕ್ಟೋಬರ್ ಪೂರ್ತಿ ಬುಲೆಟಿನ್‌ಗಳ ತಿಂಗಳು. ಲಂಡನ್ನಿಂದ ಡಾ. ರಿಚರ್ಡ್ ಬೀಲ್ ಬಂದರು, ದೆಹಲಿಯ ಏಮ್ಸ್‌ನಿಂದ ತಜ್ಞರು ಬಂದರು. ಜ್ವರ ಅಂತ ಶುರುವಾದದ್ದು ಸೋಂಕು ಆಯಿತು, ಆಮೇಲೆ ಉಸಿರಾಟಕ್ಕೆ ನೆರವು ಕೊಡುತ್ತಿದ್ದೇವೆ, ಹೆಚ್ಚು ದಿನ ಆಸ್ಪತ್ರೆಯಲ್ಲಿ ಇರಬೇಕಾಗುತ್ತದೆ ಅನ್ನುವವರೆಗೆ ಬಂತು. ರಾಹುಲ್ ಗಾಂಧಿ ಬಂದರು, ಅಮಿತ್ ಶಾ, ಅರುಣ್ ಜೇಟ್ಲಿ ಬಂದರು. ಬಂದವರು ಡಾಕ್ಟರುಗಳ ಜೊತೆ ಮಾತಾಡಿ, ಚೇತರಿಸಿಕೊಳ್ಳುತ್ತಿದ್ದಾರೆ ಅಂತ ಹೊರಗೆ ಹೇಳಿ ಹೋದರು. ಒಂದು ಫೋಟೊ ಬಿಡಿ ಅಂತ ಕರುಣಾನಿಧಿ ಕೇಳಿದರು, ಬಿಡಲಿಲ್ಲ. ಆರೋಗ್ಯದ ವಿವರ ಕೊಡಿಸಿ ಅಂತ ಮದ್ರಾಸ್ ಹೈಕೋರ್ಟಿಗೆ ಅರ್ಜಿ ಹೋಯಿತು, ಅದು ವಜಾ ಆಯಿತು. ವದಂತಿ ಹರಡಿದರು ಅಂತ ಪೊಲೀಸರು ಕೇಸು ಹಾಕಿದರು, ಕೆಲವರನ್ನು ಬಂಧಿಸಿದರು. ಯೋಚಿಸಿ ನೋಡಿ: ನಿಜ ಹೇಳುವವರು ಇಲ್ಲ, ಊಹೆ ಮಾಡಿದವರಿಗೆ ಜೈಲು, ಇಡ್ಲಿ ಕಥೆ ಕಟ್ಟಿದವರಿಗೆ ಮಾತ್ರ ಏನೂ ಆಗಲಿಲ್ಲ.

ಈಗ ಡಾಕ್ಟರುಗಳ ಕಡೆ ಬರೋಣ. ಅವರನ್ನು ಬೈಯುವುದು ಸುಲಭ, ಆದರೆ ನಿಯಮ ಅವರ ಕೈ ಕಟ್ಟಿತ್ತು. ವೈದ್ಯರ ನಡವಳಿಕೆಗೆ 2002ರಲ್ಲಿ ಮಾಡಿದ ನಿಯಮಗಳ ಪ್ರಕಾರ ವೃತ್ತಿಯಲ್ಲಿ ತಿಳಿದ ರೋಗಿಯ ಗುಟ್ಟನ್ನು ಹೊರಗೆ ಹೇಳುವಂತಿಲ್ಲ. ಅದಕ್ಕೆ ಮೂರೇ ಬಾಗಿಲು: ಕೋರ್ಟಿನಲ್ಲಿ ಜಡ್ಜ್ ಹೇಳು ಅಂದರೆ, ಯಾರಿಗೋ ಅಥವಾ ಒಂದು ಸಮುದಾಯಕ್ಕೋ ಗೊತ್ತಿರುವ ಗಂಭೀರ ಅಪಾಯ ಇದ್ದರೆ, ಇಲ್ಲವೇ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ ಆಗಿದ್ದರೆ. ರೋಗಿ ಮುಖ್ಯಮಂತ್ರಿ ಅನ್ನುವ ನಾಲ್ಕನೇ ಬಾಗಿಲು ಅಲ್ಲಿಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂದರೆ ಖಾಸಗಿ ಆಸ್ಪತ್ರೆ ಅದರ ಕೈಗೆ ನೇರವಾಗಿ ಸಿಗುವುದಿಲ್ಲ, ಸರ್ಕಾರದ ಹತ್ತಿರ ಇರುವ ಕಾಗದಕ್ಕೂ 8(1)(ಜೆ) ಅನ್ನುವ ವೈಯಕ್ತಿಕ ಮಾಹಿತಿಯ ಅಡ್ಡಗೋಡೆ ಇದೆ. ಚುನಾವಣೆಗೆ ನಿಂತವರು ಆಸ್ತಿ, ಸಾಲ, ಓದು, ಕ್ರಿಮಿನಲ್ ಕೇಸು ಎಲ್ಲ ಪ್ರಮಾಣಪತ್ರದಲ್ಲಿ ಬರೆಯಬೇಕು. ಆರೋಗ್ಯದ ಕಾಲಮ್ಮೇ ಅದರಲ್ಲಿಲ್ಲ. ಇರಬೇಕು ಅಂತ ನನಗೂ ಅನ್ನಿಸುವುದಿಲ್ಲ. ಸಕ್ಕರೆ ಕಾಯಿಲೆ ಇದೆ ಅಂತ ಒಬ್ಬರನ್ನು ಸೋಲಿಸುವ ಊರುಗಳು ನಮ್ಮಲ್ಲಿ ಕಮ್ಮಿ ಏನಿಲ್ಲ.

ಆದರೆ ನಿಯಮದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಎತ್ತುವುದಿಲ್ಲ. ಗುಟ್ಟು ಕಾಯಬೇಕು ಅಂದರೆ ಬಾಯಿ ಮುಚ್ಚಿಕೊಂಡಿರಬೇಕು ಅಂತ ಅರ್ಥ. ಹುಷಾರಾಗಿದ್ದಾರೆ ಅಂತ ಹೇಳು ಅನ್ನುವುದು ಅದರ ಅರ್ಥ ಅಲ್ಲ. ರೋಗಿಯ ಒಪ್ಪಿಗೆ ಇಲ್ಲದೆ ಏನೂ ಹೇಳಲಾಗುವುದಿಲ್ಲ ಅಂತ ಒಂದು ಸಾಲಿನ ಬುಲೆಟಿನ್ ಕೊಟ್ಟಿದ್ದರೆ ಜನ ಗಾಬರಿ ಬೀಳುತ್ತಿದ್ದರು, ನಿಜ. ಮೆತ್ತಗೆ ಸವರಿದ ಅರ್ಧ ನಿಜಗಳಿಂದ ಜನ ಗಾಬರಿ ಬೀಳಲಿಲ್ಲವೇ? ಬಿದ್ದರು, ಮೇಲಾಗಿ ನಂಬುವುದನ್ನೂ ಬಿಟ್ಟರು. ಆಮೇಲೆ ಆಸ್ಪತ್ರೆ ಏನು ಹೇಳಿದರೂ, ಅದರಲ್ಲಿ ಎಷ್ಟೇ ನಿಜ ಇದ್ದರೂ, ಜನರ ಕಿವಿಗೆ ಅದು ಇಡ್ಲಿಯೇ.

ನಮ್ಮ ಚಿಕ್ಕಪ್ಪನನ್ನು ಒಮ್ಮೆ ಮೈಸೂರಿನ ಒಂದು ಆಸ್ಪತ್ರೆಯ ಐಸಿಯುಗೆ ಸೇರಿಸಿದ್ದೆವು. ಗಂಟೆಗೊಮ್ಮೆ ಬಾಗಿಲು ಅರ್ಧ ತೆರೆಯುತ್ತದೆ, ನರ್ಸ್ ತಲೆ ಹೊರಗೆ ಹಾಕಿ ಪೇಷಂಟ್ ಕಡೆಯವರು ಯಾರ್ರೀ ಅಂತ ಕೂಗುತ್ತಾರೆ, ಬೆಂಚಿನ ಮೇಲೆ ಕೂತ ಹತ್ತು ಮನೆಯವರು ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಕಾನೂನಿನಲ್ಲಿ ರೋಗಿಯ ಗುಟ್ಟು ರೋಗಿಯದು. ಐಸಿಯು ಬಾಗಿಲಲ್ಲಿ ಅದು ಪೇಷಂಟ್ ಕಡೆಯವರದು. ನಮ್ಮ ದೇಶದ ಎಷ್ಟೋ ಆಸ್ಪತ್ರೆಗಳು ನಡೆಯುವುದು ಹೀಗೇ.

ಹಾಗಾದರೆ ಜಯಲಲಿತಾ ಪೇಷಂಟ್ ಕಡೆಯವರು ಯಾರು? ಗಂಡ ಇಲ್ಲ, ಮಕ್ಕಳಿಲ್ಲ. ಮೊದಲಿಂದಲೂ ಜೊತೆಗಿದ್ದವರು ಗೆಳತಿ ಶಶಿಕಲಾ, ರಕ್ತ ಸಂಬಂಧಿ ಅಲ್ಲ. ಅಣ್ಣನ ಮಗಳು ದೀಪಾ ಆಸ್ಪತ್ರೆಗೆ ಬಂದರೆ ಒಳಗೆ ಬಿಡಲಿಲ್ಲ. ಅದೇ ದೀಪಾ ಮತ್ತು ಅವರ ತಮ್ಮ ದೀಪಕ್ ಕಾನೂನಿನ ಪ್ರಕಾರ ವಾರಸುದಾರರು ಅಂತ ಮದ್ರಾಸ್ ಹೈಕೋರ್ಟ್ ಹೇಳಿದ್ದು 2020ರ ಮೇನಲ್ಲಿ. ಬಾಗಿಲ ಆಚೆ ಪಕ್ಷ ಇತ್ತು, ಸರ್ಕಾರ ಇತ್ತು, ಎರಡರಲ್ಲೂ ಅವವೇ ಮುಖಗಳು. ರೋಗಿ ಪ್ರಜ್ಞೆಯಲ್ಲಿದ್ದಾಗ ಏನು ಹೇಳಬೇಕು, ಏನು ಹೇಳಬಾರದು ಅಂತ ಅವರನ್ನೇ ಕೇಳಬಹುದಿತ್ತು. ಕೇಳಿದ್ದರೆ ಅದರ ಒಂದು ಬರಹ, ಒಂದು ರುಜು ಜನರ ಮುಂದೆ ಬರಬಹುದಿತ್ತು. ಬರಲಿಲ್ಲ.

ಬಂದದ್ದು ಹೆಬ್ಬೆಟ್ಟು. ಈ ಪ್ರಕರಣದ ಅತಿ ಮುಖ್ಯ ಕಾಗದ ಅದು, ಸ್ವಲ್ಪ ಹತ್ತಿರದಿಂದ ನೋಡಬೇಕು.

2016ರ ನವೆಂಬರ್ 19ಕ್ಕೆ ತಂಜಾವೂರು, ಅರವಕುರಿಚ್ಚಿ, ತಿರುಪ್ಪರಂಕುಂಡ್ರಂ ಕ್ಷೇತ್ರಗಳಲ್ಲಿ ಚುನಾವಣೆ ಇತ್ತು. ಅಭ್ಯರ್ಥಿಗಳಿಗೆ ಅಣ್ಣಾ ಡಿಎಂಕೆಯ ಎರಡೆಲೆ ಗುರುತು ಸಿಗಬೇಕಾದರೆ ಪಕ್ಷದ ಮುಖ್ಯಸ್ಥರು ಎ ಮತ್ತು ಬಿ ಫಾರಂಗೆ ರುಜು ಹಾಕಿ ಕೊಡಬೇಕು. ಮುಖ್ಯಸ್ಥರು ಅಂದರೆ ಜಯಲಲಿತಾ. ಫಾರಂ ಮೇಲೆ ರುಜು ಇರಲಿಲ್ಲ, ಎಡಗೈ ಹೆಬ್ಬೆಟ್ಟಿನ ಗುರುತಿತ್ತು. ಕೆಳಗೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಡಾ. ಪಿ. ಬಾಲಾಜಿ ದೃಢೀಕರಿಸಿದ್ದರು: ರೋಗಿಗೆ ಇತ್ತೀಚೆಗೆ ಟ್ರೇಕಿಯಾಸ್ಟಮಿ ಆಗಿದೆ, ಬಲಗೈ ಊದಿಕೊಂಡಿದೆ, ಸದ್ಯಕ್ಕೆ ರುಜು ಹಾಕಲು ಆಗುವುದಿಲ್ಲ, ನನ್ನ ಎದುರಿಗೇ ತಾವಾಗಿ ಹೆಬ್ಬೆಟ್ಟು ಒತ್ತಿದ್ದಾರೆ.

ಟ್ರೇಕಿಯಾಸ್ಟಮಿ ಅಂದರೆ ಗಂಟಲಿಗೆ ತೂತು ಮಾಡಿ ಉಸಿರಿನ ಕೊಳವೆ ಇಡುವುದು. ಅದು ಆಗಿದ್ದು ಅಕ್ಟೋಬರ್ 7ಕ್ಕೆ. ತಿಂಗಳು ಪೂರ್ತಿ ಏಳೂವರೆ ಕೋಟಿ ಜನರಿಗೆ ಹೇಳದ ವಿಷಯ, ಖಾಸಗಿ ಅಂತ ಬೀಗ ಹಾಕಿಟ್ಟ ವಿಷಯ, ಮೂರು ಸೀಟಿನ ಫಾರಂ ತುಂಬುವಾಗ ಚುನಾವಣಾ ಆಯೋಗದ ಕಡತಕ್ಕೆ ಬಂದು ಬಿತ್ತು. ಗುಟ್ಟು ರೋಗಿಯ ಸಲುವಾಗಿ ಇದ್ದಿದ್ದರೆ ಅದು ಫಾರಂ ಮೇಲೂ ಗುಟ್ಟಾಗಿಯೇ ಇರಬೇಕಿತ್ತು, ಅಲ್ವಾ?

ಇನ್ನೂ ಒಂದು ತಾರೀಖು ಜೋಡಿಸಿ ನೋಡಿ. ಅಕ್ಟೋಬರ್ 7ಕ್ಕೆ ಗಂಟಲಿಗೆ ಕೊಳವೆ. ಅಕ್ಟೋಬರ್ 11ಕ್ಕೆ ರಾಜ್ಯಪಾಲ ವಿದ್ಯಾಸಾಗರ ರಾವ್ ಮುಖ್ಯಮಂತ್ರಿಯ ಖಾತೆಗಳನ್ನು ಸಚಿವ ಓ. ಪನ್ನೀರ್‌ಸೆಲ್ವಂ ಅವರಿಗೆ ಹಂಚಿದರು, ಮುಖ್ಯಮಂತ್ರಿಗಳ ಸಲಹೆಯ ಮೇರೆಗೇ ಹಂಚಿದ್ದು ಅಂತ ಪ್ರಕಟಣೆಯಲ್ಲಿ ಹೇಳಿದರು. ಸಲಹೆ ಹೇಗೆ ಬಂತು, ಬರೆದು ಕೊಟ್ಟರಾ, ಸನ್ನೆ ಮಾಡಿದರಾ? ವಿರೋಧ ಪಕ್ಷದವರು ಕೇಳಿದ್ದು ಇದನ್ನೇ. ಅವರು ಕೇಳಿದ್ದು ರಾಜಕೀಯಕ್ಕೇ ಇರಬಹುದು, ಆದರೂ ಪ್ರಶ್ನೆ ಸರಿಯಾಗಿತ್ತು. ಶ್ವಾಸಕೋಶ ಹೇಗಿದೆ ಅನ್ನುವುದು ಜನರಿಗೆ ಬೇಕಾಗಿಲ್ಲ. ಫೈಲ್ ಯಾರು ಓದುತ್ತಿದ್ದಾರೆ ಅನ್ನುವುದು ಬೇಕು. ಈ ಎರಡನ್ನು ಬೇರೆ ಮಾಡದೇ ಇದ್ದದ್ದೇ ಇಡೀ ಗೊಂದಲದ ಮೂಲ ಅಂತ ನನ್ನ ಅನಿಸಿಕೆ.

ಹೆಬ್ಬೆಟ್ಟಿನ ಕಥೆ ಬೆಂಗಳೂರಿಗೂ ಬಂತು. ತಿರುಪ್ಪರಂಕುಂಡ್ರಂನಲ್ಲಿ ಗೆದ್ದ ಎ.ಕೆ. ಬೋಸ್ ವಿರುದ್ಧ ಡಿಎಂಕೆ ಅಭ್ಯರ್ಥಿ ಕೇಸು ಹಾಕಿದರು. ಆ ಹೆಬ್ಬೆಟ್ಟು ಅವರದೇನಾ ಅಂತ ಹೋಲಿಸಿ ನೋಡಲು ಇನ್ನೊಂದು ಹೆಬ್ಬೆಟ್ಟು ಬೇಕಲ್ಲ. 2014ರ ಸೆಪ್ಟೆಂಬರ್ 27ಕ್ಕೆ ಅಕ್ರಮ ಆಸ್ತಿ ಕೇಸಿನಲ್ಲಿ ಶಿಕ್ಷೆಯಾಗಿ ಅವರು ಮೂರು ವಾರ ನಮ್ಮ ಪರಪ್ಪನ ಅಗ್ರಹಾರ ಜೈಲಿನಲ್ಲಿದ್ದರು. ಅಲ್ಲಿಯ ದಾಖಲೆ ತನ್ನಿ ಅಂತ ಮದ್ರಾಸ್ ಹೈಕೋರ್ಟ್ 2017ರಲ್ಲಿ ಜೈಲಿನ ಅಧಿಕಾರಿಗೆ ಹೇಳಿತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಕೊನೆಗೆ 2019ರ ಮಾರ್ಚ್‌ನಲ್ಲಿ ಹೈಕೋರ್ಟ್ ಆ ಹೆಬ್ಬೆಟ್ಟನ್ನು ಒಪ್ಪದೆ ಆಯ್ಕೆಯನ್ನೇ ಅಸಿಂಧು ಮಾಡಿತು. ಅಷ್ಟು ಹೊತ್ತಿಗೆ ಗೆದ್ದವರೂ ತೀರಿಕೊಂಡಿದ್ದರು.

ಅದೇ ಚೆನ್ನೈನಲ್ಲಿ ಬೇರೆ ರೀತಿಯೂ ನಡೆದಿದೆ. 1984ರ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿ ಎಂಜಿಆರ್ ಕೂಡ ಇದೇ ಅಪೋಲೊಗೆ ಸೇರಿದ್ದರು. ಮೂತ್ರಪಿಂಡ ಕೈಕೊಟ್ಟಿತ್ತು, ಆಮೇಲೆ ಪಾರ್ಶ್ವವಾಯು, ಆಮೇಲೆ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಮೂತ್ರಪಿಂಡ ಕಸಿ. ಪ್ರಚಾರಕ್ಕೆ ಬರಲಾಗದ ಅವರ ಆಸ್ಪತ್ರೆಯ ಚಿತ್ರಗಳನ್ನು ಪಕ್ಷ ಊರೂರಿಗೆ ತೋರಿಸಿತು, ಅವರು ಅಲ್ಲಿಂದಲೇ ಗೆದ್ದರು. 2018ರಲ್ಲಿ ಕರುಣಾನಿಧಿ ಕಾವೇರಿ ಆಸ್ಪತ್ರೆಯಲ್ಲಿದ್ದಾಗ ಬುಲೆಟಿನ್ ಬರುತ್ತಿತ್ತು, ಹಾಸಿಗೆಯ ಪಕ್ಕ ನಿಂತ ನಾಯಕರ ಫೋಟೊ ಬರುತ್ತಿತ್ತು. ಅವರ ಸ್ಥಿತಿ ತೀರಾ ಕೆಟ್ಟಿದೆ ಅಂದಾಗ ಜನ ನಂಬಿದರು. ಆದರೆ ಈ ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ಇಬ್ಬರೂ ಗಂಡಸರು, ಇಬ್ಬರಿಗೂ ಹೆಂಡತಿ ಮಕ್ಕಳು ಇಲ್ಲವೇ ಮನೆಯವರು ಸುತ್ತ ಇದ್ದರು. ಸೀರೆಯ ಸೆರಗು ಒಂದು ಇಂಚು ಆಚೀಚೆ ಆಗದಂತೆ ಮೂವತ್ತು ವರ್ಷ ಜನರ ಮುಂದೆ ನಿಂತ ಹೆಂಗಸು, ಮೂಗಿಗೆ ಗಂಟಲಿಗೆ ಕೊಳವೆ ಹಾಕಿದ ಫೋಟೊ ಬೇಡ ಅಂದಿದ್ದರೆ, ಅದನ್ನು ಒಪ್ಪಲೇಬೇಕು. ಫೋಟೊ ಕೇಳಿದವರು ತಪ್ಪು ವಸ್ತುವನ್ನು ಕೇಳಿದರು ಅಂತಲೇ ನಾನು ಹೇಳುವುದು.

ನವೆಂಬರ್ 13ಕ್ಕೆ ಅವರ ಹೆಸರಲ್ಲಿ ಹೇಳಿಕೆ ಬಂತು, ಜನರ ಪ್ರಾರ್ಥನೆಯಿಂದ ಮರುಹುಟ್ಟು ಪಡೆದಿದ್ದೇನೆ ಅಂತ. 19ಕ್ಕೆ ಐಸಿಯುನಿಂದ ಖಾಸಗಿ ಕೋಣೆಗೆ ಬಂದರು. ಮನೆಗೆ ಯಾವಾಗ ಹೋಗಬೇಕು ಅನ್ನುವುದು ಅವರಿಗೇ ಬಿಟ್ಟದ್ದು ಅಂತ ಆಸ್ಪತ್ರೆಯ ಅಧ್ಯಕ್ಷರು ಹೇಳಿದರು. ಡಿಸೆಂಬರ್ 4ರ ಸಂಜೆ ಹೃದಯಸ್ತಂಭನ. 5ರ ಸಂಜೆ ತಮಿಳು ವಾಹಿನಿಗಳು ಸಾವಿನ ಸುದ್ದಿ ಹಾಕಿಬಿಟ್ಟವು, ಪಕ್ಷದ ಕಚೇರಿಯ ಬಾವುಟ ಅರ್ಧಕ್ಕೆ ಇಳಿಯಿತು, ಆಸ್ಪತ್ರೆ ಅಲ್ಲಗಳೆದ ಮೇಲೆ ಮತ್ತೆ ಮೇಲೇರಿತು. ರಾತ್ರಿ 11.30ಕ್ಕೆ ತೀರಿಕೊಂಡರು ಅಂತ ಪ್ರಕಟಿಸಿದರು. ಇಳಿದು ಏರಿ ಮತ್ತೆ ಇಳಿದ ಆ ಬಾವುಟವನ್ನು ಟಿವಿಯಲ್ಲಿ ನೋಡಿದವರಿಗೆ ಆಮೇಲಿನ ಯಾವ ತನಿಖೆಯೂ ಸಮಾಧಾನ ಕೊಡಲಿಲ್ಲ.

ಸತ್ತ ಮೇಲೆ ಬೀಗ ಒಂದೊಂದೇ ಒಡೆಯಿತು, ಪ್ರತಿ ಸಲವೂ ಯಾರದೋ ಅನುಕೂಲಕ್ಕೆ. 2017ರ ಫೆಬ್ರುವರಿ 6ಕ್ಕೆ ಡಾ. ಬೀಲ್ ಮತ್ತು ಉಳಿದ ಡಾಕ್ಟರುಗಳನ್ನು ಕೂರಿಸಿ ಪತ್ರಿಕಾಗೋಷ್ಠಿ ಮಾಡಿಸಿದರು. ಮರುದಿನ ರಾತ್ರಿ ಪನ್ನೀರ್‌ಸೆಲ್ವಂ ಮರೀನಾದ ಸಮಾಧಿ ಮುಂದೆ ಕಣ್ಣು ಮುಚ್ಚಿ ಕೂತು, ಎದ್ದು ಶಶಿಕಲಾ ವಿರುದ್ಧ ಬಂಡೆದ್ದರು, ಆಮೇಲೆ ಸಾವಿನ ತನಿಖೆ ಅವರ ಬೇಡಿಕೆಯಾಯಿತು. ಎರಡು ತಿಂಗಳು ಅದೇ ಸರ್ಕಾರದ ಮುಖ್ಯಸ್ಥರಾಗಿದ್ದವರು ಅವರೇ. 2017ರ ಡಿಸೆಂಬರ್ 20ಕ್ಕೆ, ಅಂದರೆ ಆರ್.ಕೆ. ನಗರ ಉಪಚುನಾವಣೆಯ ಮತದಾನದ ಹಿಂದಿನ ದಿನ, ಶಶಿಕಲಾ ಸಂಬಂಧಿ ದಿನಕರನ್ ಬಣದ ಪಿ. ವೆಟ್ರಿವೇಲ್ ಒಂದು ವಿಡಿಯೊ ಬಿಟ್ಟರು: ಆಸ್ಪತ್ರೆಯ ಹಾಸಿಗೆ ಮೇಲೆ ನೈಟಿಯಲ್ಲಿ ಒರಗಿದ ಜಯಲಲಿತಾ, ಕೈಯಲ್ಲಿ ಲೋಟ, ಏನೋ ಕುಡಿಯುತ್ತಿದ್ದಾರೆ. ಚುನಾವಣಾ ಆಯೋಗ ಪ್ರಸಾರ ನಿಲ್ಲಿಸಿ ಅಂದಿತು, ಆದರೆ ಅಷ್ಟರಲ್ಲಿ ಎಲ್ಲರ ಫೋನಿಗೂ ಬಂದಾಗಿತ್ತು. ಒಂದು ವರ್ಷ ಯಾವ ಫೋಟೊವನ್ನು ರೋಗಿಯ ಘನತೆಯ ಹೆಸರಲ್ಲಿ ತಡೆದರೋ ಅದಕ್ಕಿಂತ ಖಾಸಗಿಯಾದದ್ದು ಮತಕ್ಕೋಸ್ಕರ ಹೊರಗೆ ಬಂತು. ಅದೇ ವರ್ಷದ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟಿತ್ತು, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ. ಮುಂದಿನ ವರ್ಷ ಆಸ್ಪತ್ರೆಯ ಬಿಲ್ಲೂ ಹೊರಬಿತ್ತು: ಒಟ್ಟು 6.85 ಕೋಟಿ ರೂಪಾಯಿ, ಅದರಲ್ಲಿ ಊಟ ತಿಂಡಿಗೇ 1.17 ಕೋಟಿ. ರೋಗಿ ತಿಂದರೋ ಇಲ್ಲವೋ, ಬಾಗಿಲ ಹೊರಗೆ ಇದ್ದವರಂತೂ ತಿಂದಿದ್ದರು.

ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಎ. ಆರುಮುಗಸ್ವಾಮಿ ಆಯೋಗ 2017ರ ಸೆಪ್ಟೆಂಬರ್‌ನಲ್ಲಿ ಬಂತು. ಮೂರು ತಿಂಗಳ ಕೆಲಸ ಐದು ವರ್ಷ ಹಿಡಿಯಿತು, ಆಸ್ಪತ್ರೆ ಸುಪ್ರೀಂ ಕೋರ್ಟಿನಿಂದ ತಡೆ ತಂದದ್ದೂ ಅದಕ್ಕೆ ಒಂದು ಕಾರಣ. ಏಮ್ಸ್ ತಜ್ಞರ ಮಂಡಳಿ ಚಿಕಿತ್ಸೆ ಸರಿಯಾಗಿಯೇ ಇತ್ತು ಅಂತ ವರದಿ ಕೊಟ್ಟಿತು. 2022ರ ಅಕ್ಟೋಬರ್ 18ಕ್ಕೆ ವಿಧಾನಸಭೆಯಲ್ಲಿ ಮಂಡಿಸಿದ ಆಯೋಗದ ವರದಿ ಮಾತ್ರ ಶಶಿಕಲಾ ಸೇರಿ ನಾಲ್ವರ ಮೇಲೆ ತನಿಖೆ ಆಗಬೇಕು ಅಂದಿತು, ಸಾವು ಪ್ರಕಟಿಸಿದ್ದಕ್ಕಿಂತ ಒಂದು ದಿನ ಮೊದಲೇ ಆಗಿತ್ತು ಅಂತಲೂ ಹೇಳಿತು. ಶಶಿಕಲಾ ಆರೋಪಗಳನ್ನು ಅಲ್ಲಗಳೆದರು. ಯಾರು ಸರಿ ಅನ್ನುವ ತೀರ್ಪು ಕೊಡಲು ನಾನು ಇಲ್ಲಿ ಕೂತಿಲ್ಲ. ಸಾವಿನ ತಾರೀಖಿನ ಮೇಲೂ ಎರಡು ಮಾತು ಉಳಿದಿದೆ, ಅಷ್ಟು ಸಾಕು.

ಹಾಗಾದರೆ ಏನು ಮಾಡಬಹುದಿತ್ತು? ನನ್ನ ಪ್ರಕಾರ ರೋಗದ ಹೆಸರೇ ಬೇಡ. ಮುಖ್ಯಮಂತ್ರಿ ಇಷ್ಟು ದಿನಕ್ಕಿಂತ ಜಾಸ್ತಿ ಆಸ್ಪತ್ರೆಯಲ್ಲಿದ್ದರೆ, ಚಿಕಿತ್ಸೆ ಕೊಡುವವರನ್ನು ಬಿಟ್ಟು ಬೇರೆ ಮೂವರು ಡಾಕ್ಟರು ನೋಡಿ ಒಂದೇ ಪ್ರಶ್ನೆಗೆ ಉತ್ತರ ಬರೆದು ಕೊಡಬೇಕು: ಇವರು ಓದಿ, ಅರ್ಥ ಮಾಡಿಕೊಂಡು, ತೀರ್ಮಾನ ಹೇಳುವ ಸ್ಥಿತಿಯಲ್ಲಿದ್ದಾರಾ? ಹೌದು ಅಥವಾ ಇಲ್ಲ, ಮತ್ತೆ ನೋಡುವ ತಾರೀಖು ಯಾವುದು. ಅಷ್ಟು ಮಾತ್ರ ಜನರಿಗೆ. ಅಮೆರಿಕದಲ್ಲಿ ಅಧ್ಯಕ್ಷರ ವಿಷಯಕ್ಕೆ 1967ರ 25ನೇ ತಿದ್ದುಪಡಿ ಇದೆ, ಅರಿವಳಿಕೆ ಕೊಡುವ ಮೊದಲು ಅಧ್ಯಕ್ಷರೇ ಕಾಗದ ಬರೆದು ಕೆಲವು ಗಂಟೆ ಅಧಿಕಾರ ಬಿಟ್ಟುಕೊಟ್ಟದ್ದಿದೆ. ನಮ್ಮ ಸಂವಿಧಾನದಲ್ಲಿ ಮುಖ್ಯಮಂತ್ರಿ ಎಚ್ಚರ ತಪ್ಪಿದರೆ ಏನು ಅಂತ ಒಂದು ಸಾಲೂ ಇಲ್ಲ. ಆ ಪ್ರಮಾಣಪತ್ರ ಕೇಳುವ ಅಧಿಕಾರ ರಾಜ್ಯಪಾಲರಿಗೆ ಕೊಟ್ಟರೆ ಇನ್ನೊಂದು ರಗಳೆ, ಹುಷಾರಿರುವವರನ್ನೂ ಹಾಸಿಗೆಗೆ ಸೇರಿಸಿಬಿಡುತ್ತಾರೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಕೊಡಬಹುದೇನೋ. ಇದರಲ್ಲೂ ತೂತುಗಳಿವೆ, ನನಗೆ ಗೊತ್ತು. ಸ್ವಂತ ಸರ್ಕಾರದ ಡಾಕ್ಟರು ಮುಖ್ಯಮಂತ್ರಿಗೆ ಆಗುವುದಿಲ್ಲ ಅಂತ ಬರೆಯುವ ಧೈರ್ಯ ಮಾಡುತ್ತಾರಾ? ಆದರೂ ಒಂದು ಫಾರಂ ಇದ್ದಿದ್ದರೆ, ಅದನ್ನು ಯಾರು ತುಂಬಿದರು, ಯಾರು ತುಂಬಲಿಲ್ಲ ಅಂತ ಕೇಳುವುದಕ್ಕಾದರೂ ಆಗುತ್ತಿತ್ತು.

ಕೊನೆಗೆ ಒಂದು ಧ್ವನಿಮುದ್ರಣದ ಮಾತು. 2018ರ ಮೇನಲ್ಲಿ ಆಯೋಗದ ಮೂಲಕ ಹೊರಗೆ ಬಂತು, ಒಂದು ನಿಮಿಷವೂ ಇಲ್ಲ. ಆಸ್ಪತ್ರೆಯಲ್ಲಿ ಜಯಲಲಿತಾ ಅವರ ಉಬ್ಬಸದ ಶಬ್ದವನ್ನು ಡಾ. ಶಿವಕುಮಾರ್ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಾರೆ. ನಡುನಡುವೆ ಕೆಮ್ಮು. ಸಿನಿಮಾ ಥಿಯೇಟರಿನ ಮುಂದಿನ ಸಾಲಿನಲ್ಲಿ ಕೂತ ಅಭಿಮಾನಿ ಶಿಳ್ಳೆ ಹೊಡೆದ ಹಾಗೆ ಕೇಳಿಸುತ್ತಿದೆ ಅಂತ ತಮ್ಮದೇ ಉಸಿರಿನ ಬಗ್ಗೆ ಹೇಳುತ್ತಾರೆ, ಆ ಶಿಳ್ಳೆಗಳನ್ನು ಎಷ್ಟು ಕೇಳಿದ್ದರೋ. ಆಮೇಲೆ ಬಿಪಿ ಎಷ್ಟಿದೆ ಅಂತ ಕೇಳುತ್ತಾರೆ. 140 ಅಂತ ಡ್ಯೂಟಿ ಡಾಕ್ಟರ್. ಕೆಳಗಿನದು ಎಷ್ಟು ಅಂತ ಮತ್ತೆ ಕೇಳುತ್ತಾರೆ. 80. ಅದು ನನಗೆ ಮಾಮೂಲಿ ಅನ್ನುತ್ತಾರೆ.